ಹಳೆಯ ಮರಕ್ಕೆ ಹೊಸ ಮರದ ಅಳತೆ ಬೇಡ: ನಗರಸಭೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಕೆಡವಿದ ಕಟ್ಟಡಗಳ ಮರದಿಂದ ಪೀಠೋಪಕರಣ ಮಾಡುವುದು ನನ್ನ ಕಸುಬು. ಉದ್ಯಾನಗಳಿಗೂ ಬಸ್ ತಂಗುದಾಣಗಳಿಗೂ ಬೆಂಚು ಒದಗಿಸಲು ನೀವು ಕರೆದಿರುವ ಟೆಂಡರನ್ನು ಓದಿದೆ. ಮರುಬಳಕೆಯ ಸಾಮಗ್ರಿಗೆ ಆದ್ಯತೆ ಎಂಬ ಸಾಲು ಕಂಡು ನಿಜಕ್ಕೂ ಸಂತೋಷವಾಯಿತು. ಆದರೆ ಜೊತೆಗಿರುವ ನಕ್ಷೆ ಆ ಸಾಲನ್ನೇ ಹೊಡೆದು ಹಾಕುತ್ತದೆ.

ಎಲ್ಲ ಹಲಗೆಗಳೂ ಒಂದೇ ಉದ್ದ, ಒಂದೇ ದಪ್ಪ, ಒಂದೇ ಬಣ್ಣ. ಗಂಟು ಇರಕೂಡದು, ಮೊಳೆಯ ತೂತು ಕಾಣಕೂಡದು. ಹಳೆಯ ಮನೆಯ ತೊಲೆ, ಜಂತೆ, ಬಾಗಿಲುವಾಡ ಹೀಗೆ ಸಿಗುವುದಿಲ್ಲ. ಒಂದು ಆರಡಿ ಇದ್ದರೆ ಇನ್ನೊಂದು ನಾಲ್ಕೂವರೆ. ಈ ನಕ್ಷೆಗೆ ಹೊಂದಿಸಲು ಹೊರಟರೆ ಗಟ್ಟಿ ಮರವನ್ನು ಕತ್ತರಿಸಿ ಎಸೆಯಬೇಕು, ಇಲ್ಲವೇ ಹೊಸ ಮರ ತರಬೇಕು.

ಹಲಗೆಯ ಅಳತೆ ಬಿಡಿ, ಬೆಂಚು ಮಾಡಬೇಕಾದ ಕೆಲಸವನ್ನು ಬರೆಯಿರಿ. ಕೂರುವ ಎತ್ತರ ಸುಮಾರು 45 ಸೆಂ.ಮೀ. ಇರಲಿ, ಹಿರಿಯರು ಊರಿ ಏಳಲು ಬದಿಯಲ್ಲಿ ಕೈಗೆ ಆಸರೆ ಇರಲಿ, ತಡೆಯಬೇಕಾದ ಭಾರ ಎಷ್ಟೆಂದು ಹೇಳಿ. ಅಗಲದ ಹಲಗೆ ಮೂರೋ, ಕಿರಿದಾದವು ಐದೋ ಎಂಬುದನ್ನು ಬಡಗಿ ನಿರ್ಧರಿಸಲಿ.

ಹಳೆಯ ಮರ ಬಯಲಿನಲ್ಲಿ ಬಾಳುವುದಿಲ್ಲ ಎಂಬ ಅಂಜಿಕೆ ಹಲವರಿಗಿದೆ. ಮರವನ್ನು ಕೊಳೆಸುವುದು ವಯಸ್ಸಲ್ಲ, ಆರದ ತೇವ. ತೇವಾಂಶ ಶೇ 20ಕ್ಕಿಂತ ಕಡಿಮೆಯಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬೆಳೆಯಲು ಆಗುವುದಿಲ್ಲ. ಹಾಗಾಗಿ ಹಲಗೆಗಳ ನಡುವೆ ಸಂದು ಬೇಕು, ಕೂರುವ ಮೈಗೆ ತುಸು ಇಳಿಜಾರು ಬೇಕು. ಅಡ್ಡ ಕೊಯ್ದ ತುದಿ ಎಲ್ಲಕ್ಕಿಂತ ಬೇಗ ನೀರು ಕುಡಿಯುತ್ತದೆ. ಅಲ್ಲಿ ಲೇಪ ತಪ್ಪಬಾರದು. ಮರದ ಕಾಲು ಮಣ್ಣನ್ನು ಮುಟ್ಟಲೇಬಾರದು. ಅಂಟಿನ ಬದಲು ಬೋಲ್ಟ್ ಹಾಕಿಸಿದರೆ ಮುರಿದ ಒಂದು ಹಲಗೆಯನ್ನಷ್ಟೇ ಬಿಚ್ಚಿ ಬದಲಿಸಬಹುದು, ಇಡೀ ಬೆಂಚು ಗುಜರಿಗೆ ಹೋಗುವುದಿಲ್ಲ.

ಒಂದು ಕಡೆ ಮಾತ್ರ, ಮರದಲ್ಲಿ ಸೇರಿರುವ ವಿಷದ ವಿಚಾರದಲ್ಲಿ, ನಿಯಮ ಬಿಗಿಯಾಗಬೇಕು. ನಿಮ್ಮ ಟೆಂಡರಿನಲ್ಲಿ ಅದರ ಸುಳಿವೇ ಇಲ್ಲದಿರುವುದು ನನ್ನನ್ನು ಕಾಡುತ್ತಿದೆ. ರೈಲು ಹಳಿಯ ಹಳೆಯ ಮರದ ಸ್ಲೀಪರುಗಳು ನೋಡಲು ಚೆಂದ, ಆದರೆ ಅವುಗಳಿಗೆ ಸಾಮಾನ್ಯವಾಗಿ ಕ್ರಿಯೊಸೋಟ್ ಎಂಬ ಡಾಂಬರಿನ ಎಣ್ಣೆ ಉಣಿಸಿರುತ್ತಾರೆ. ಅದು ಕ್ಯಾನ್ಸರ್‌ಕಾರಕ, ಬಿಸಿಲಿಗೆ ಜಿನುಗಿ ಚರ್ಮಕ್ಕೆ ಅಂಟುತ್ತದೆ. ಹಸಿರು ಛಾಯೆಯ ಸಂಸ್ಕರಿತ ಮರದಲ್ಲಿ ಆರ್ಸೆನಿಕ್ ಇರಬಹುದು. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಉಜ್ಜುವಾಗ ಏಳುವ ದೂಳೇ ವಿಷ. ಸರಕು ಸಾಗಿಸುವ ಪ್ಯಾಲೆಟ್‌ಗಳ ಮೇಲಿನ ಮುದ್ರೆ ನೋಡಬೇಕು: 'ಎಚ್‌ಟಿ' ಎಂದರೆ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದು, 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು. ಎರಡನೆಯದನ್ನು ಬೆಂಚಿಗೆ ಬಳಸಬೇಡಿ. ಮಕ್ಕಳು ಅದೇ ಹಲಗೆಯ ಮೇಲೆ ತಿಂಡಿ ಇಟ್ಟುಕೊಂಡು ತಿನ್ನುತ್ತಾರೆ.

ಇನ್ನು, ನಗರಸಭೆಯ ಹಳೆಯ ಕಟ್ಟಡಗಳನ್ನು ಕೆಡಹುವ ಗುತ್ತಿಗೆಯಲ್ಲಿ ಮೊದಲು ಮರವನ್ನು ಬಿಡಿಸಿ ಇಳಿಸಬೇಕೆಂದು ಸೇರಿಸಿ. ಯಂತ್ರ ನುಗ್ಗಿದ ಮೇಲೆ ಉಳಿಯುವುದು ಸೌದೆ ಮಾತ್ರ. ಇಳಿಸಿದ ಮರಕ್ಕೆ ಮಳೆ ತಾಗದ ಒಂದು ಶೆಡ್ ಕೊಡಿ.

ಟೆಂಡರಿನ ಗಡುವಿಗೆ ಮುನ್ನ ಆ ನಕ್ಷೆಯ ಪುಟವನ್ನು ಹಿಂಪಡೆಯಬೇಕೆಂದು ಕೋರುತ್ತೇನೆ. ನೀವು ಹೇಳಿದ ದಿನ ಮೂರು ಬಗೆಯ ಬೆಂಚುಗಳನ್ನು ನನ್ನದೇ ಖರ್ಚಿನಲ್ಲಿ ನಿಮ್ಮ ಕಚೇರಿಯ ಮುಂದೆ ತಂದಿಡುತ್ತೇನೆ. ಕೂತು ನೋಡಿ, ಒಂದು ಮಳೆಗಾಲ ಅಲ್ಲಿಯೇ ಇರಲಿ.

ಇಂತಿ,
ಒಬ್ಬ ಬಡಗಿ