ಬುಲ್ಲಿ, ಪಿಟ್ ಬುಲ್ ನಾಯಿ ಸಾಕಿರುವ ಮತ್ತು ಸಾಕಬೇಕು ಅಂದುಕೊಂಡಿರುವ ನಮ್ಮ ಗ್ರಾಹಕರಿಗೆ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ನವೆಂಬರ್ 1ರಿಂದ ನಮ್ಮ ಕೆನಲ್‌ನಲ್ಲಿ ಎರಡು ಬದಲಾವಣೆ ಆಗುತ್ತಿವೆ. ಪಿಟ್ ಬುಲ್, ಅಮೆರಿಕನ್ ಬುಲ್ಲಿ, ಬುಲ್ ಟೆರಿಯರ್, ಬುಲ್ ಮಾಸ್ಟಿಫ್ ನಾಯಿಗಳ ಬೋರ್ಡಿಂಗ್ ದರ (ನೀವು ಊರಲ್ಲಿಲ್ಲದಾಗ ನಿಮ್ಮ ನಾಯಿಯನ್ನು ನಾವು ಇಟ್ಟುಕೊಂಡು ನೋಡಿಕೊಳ್ಳುವುದಕ್ಕೆ) ದಿನಕ್ಕೆ 700 ರೂಪಾಯಿ ಇದ್ದದ್ದು 950 ಆಗುತ್ತದೆ. ಜೊತೆಗೆ, ಈ ಬ್ರೀಡ್‌ಗಳ ಮರಿಗಳನ್ನು ಫೋನಿನಲ್ಲಿ ಮಾತಾಡಿ, ಅಡ್ವಾನ್ಸ್ ತಗೊಂಡು ಕೊಡುವುದು ಇನ್ನು ಇಲ್ಲ. ಮನೆಮಂದಿಯೆಲ್ಲ ಇಲ್ಲಿಗೆ ಬಂದು ನೋಡಬೇಕು. ನಾವೂ ನಿಮ್ಮ ಮನೆಗೆ ಬರುತ್ತೇವೆ. ಆಮೇಲೆ ಮಾತು. ಬೇಡ ಅನ್ನಿಸಿದರೆ ಕೊಡುವುದಿಲ್ಲ ಅಂತ ನಾವೂ ಹೇಳಬಹುದು.

ದಸರಾ ರಜೆಗೆ ಈಗಾಗಲೇ ಬುಕ್ ಮಾಡಿರುವವರಿಗೆ ಹಳೇ ದರವೇ. ಅದರಲ್ಲಿ ಅನುಮಾನ ಬೇಡ.

ನಾವು ಈ ಪತ್ರ ಬರೆಯುವ ಮೊದಲೇ ಸುದ್ದಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದೆ. ನಮ್ಮ ಬಾಯಿಂದ ಕೇಳಬೇಕಾದ್ದನ್ನು ನೀವು ಬೇರೆ ಕಡೆಯಿಂದ ಕೇಳಿದಿರಿ. ಹಳೇ ಗ್ರಾಹಕರಿಗೆ ಬೇಜಾರಾಗಿರುತ್ತದೆ, ಅದಕ್ಕೆ ಕ್ಷಮೆ ಇರಲಿ. ಆದರೆ "ದುಡ್ಡಿನ ಆಸೆಗೆ ಬಿದ್ದಿದ್ದಾರೆ" ಅಂತ ಒಬ್ಬರು ಒಂದು ಸ್ಟಾರ್ ಕೊಟ್ಟು ಬರೆದಿದ್ದಾರಲ್ಲ, ಅದಕ್ಕೆ ಸುಮ್ನೆ ಇರೋಕೆ ಆಗುವುದಿಲ್ಲ. ಲೆಕ್ಕ ಕೇಳಿ.

ಲ್ಯಾಬ್ (ಲ್ಯಾಬ್ರಡಾರ್) ಅಥವಾ ಬೀಗಲ್ ನಾಯಿ ಬಂದರೆ ಬೆಳಿಗ್ಗೆ ಅಂಗಳದಲ್ಲಿ ನಾಲ್ಕೈದು ನಾಯಿಗಳನ್ನು ಒಟ್ಟಿಗೆ ಬಿಡುತ್ತೇವೆ. ಒಬ್ಬ ಹುಡುಗ ನೋಡಿಕೊಂಡರೆ ಸಾಕು. ಬುಲ್ಲಿ ಬಂದರೆ ಅಂಗಳ ಪೂರ್ತಿ ಅವನೊಬ್ಬನಿಗೇ. ಅವನು ಆಡಿ ಒಳಗೆ ಹೋಗಿ ಚಿಲಕ ಬಿದ್ದ ಮೇಲೆಯೇ ಇನ್ನೊಂದು ನಾಯಿ ಹೊರಗೆ. ನಾಲ್ಕು ಬುಲ್ಲಿ ಇದ್ದರೆ ಬೆಳಗಿನ ಹೊತ್ತೆಲ್ಲ ಬರೀ ಒಳಗೆ ಹೊರಗೆ ಮಾಡುವುದೇ ಕೆಲಸ. ಅದಕ್ಕೇ ಒಬ್ಬ ಹುಡುಗ ಜಾಸ್ತಿ ಬೇಕು, ಅವನಿಗೆ ಸಂಬಳ ಬೇಕು.

ಇನ್ನು ಜಾಲರಿ. ಮಾಮೂಲಿ ತಂತಿ ಬೇಲಿ ಲ್ಯಾಬ್‌ಗೆ ವರ್ಷಗಟ್ಟಲೆ ತಡೆಯುತ್ತದೆ. ಪಿಟ್ ಹಾಗಲ್ಲ. ಮೊದಲು ಮೂಲೆಯಲ್ಲಿ ಸಡಿಲ ಇರುವ ತುದಿ ಹುಡುಕುತ್ತಾನೆ. ಕೋರೆಹಲ್ಲು ಸಿಕ್ಕಿಸಿ ಎಳೆಯುತ್ತಾನೆ. ಒಂದು ಎಳೆ ಬಂತು ಅಂದ್ರೆ ಮುಗಿಯಿತು, ಸ್ವೆಟರ್ ಬಿಚ್ಚಿದ ಹಾಗೆ ಸಾಲಾಗಿ ಬಿಚ್ಚುತ್ತಾ ಹೋಗುತ್ತಾನೆ. ಬಾಯಲ್ಲಿ ರಕ್ತ ಬಂದರೂ ಬಿಡುವುದಿಲ್ಲ, ಬಾಲ ಮಾತ್ರ ಅಲ್ಲಾಡುತ್ತಿರುತ್ತದೆ. ಅವನಿಗೆ ಅದು ಆಟ. ನಮಗೆ ದಪ್ಪ ಕಬ್ಬಿಣದ ಸರಳು, ವೆಲ್ಡಿಂಗ್, ಪ್ರತಿ ಗೂಡಿಗೂ ಎರಡೆರಡು ಬಾಗಿಲು. ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಕಬ್ಬಿಣದ ರೇಟು ನಿಮಗೂ ಗೊತ್ತು. ಕಿತ್ತುಹೋದ ಬಾಗಿಲಿಗೆ ಇವತ್ತಿನವರೆಗೂ ಯಾವ ಗ್ರಾಹಕರ ಹತ್ತಿರವೂ ಒಂದು ರೂಪಾಯಿ ಕೇಳಿಲ್ಲ. ಅದನ್ನು ಯಾರೂ ರಿವ್ಯೂನಲ್ಲಿ ಬರೆಯುವುದಿಲ್ಲ.

ಫ್ರೆಂಚಿ (ಫ್ರೆಂಚ್ ಬುಲ್‌ಡಾಗ್) ಮತ್ತು ಇಂಗ್ಲಿಷ್ ಬುಲ್‌ಡಾಗ್ ಸಾಕಿರುವವರು ನಮಗ್ಯಾಕೆ ಹಳೇ ದರ ಅಂತ ಕೇಳುತ್ತಿಲ್ಲ, ಸಹಜ. ಆದರೆ ಅವರಿಗೂ ಒಂದು ಮಾತು. ಈ ನಾಯಿಗಳ ಮೂಗು ಮೊಟಕು, ಉಸಿರಿನ ದಾರಿ ಇಕ್ಕಟ್ಟು. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಏದುಸಿರಿನಿಂದ, ಇವಕ್ಕೆ ಅದೇ ಕಷ್ಟ. ಏಪ್ರಿಲ್‌ನಲ್ಲಿ ನಮ್ಮ ಮೈಸೂರಲ್ಲೂ ಬಿಸಿಲು 36 ಡಿಗ್ರಿ ದಾಟುತ್ತದೆ. ಆಗ ಅವನ್ನು ಎಸಿ ರೂಮಿನಲ್ಲೇ ಇಡಬೇಕು. ಮಾರ್ಚ್‌ನಿಂದ ಮೇ ತನಕ ಕರೆಂಟ್ ಬಿಲ್ಲಿನ ಬಾಬ್ತು ಬೇರೆ ಸೇರುತ್ತದೆ. ಈಗಲೇ ಹೇಳಿದ್ದೇವೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಫೋನಿನಲ್ಲಿ, ಗೇಟಿನ ಹತ್ತಿರ, ಮದುವೆ ಮನೆಯಲ್ಲೂ ಇದೇ ಮಾತು. "ತಪ್ಪು ನಾಯೀದಲ್ಲ, ಸಾಕೋರದ್ದು ಅಂತ ನೀವೇ ಹೇಳ್ತಿದ್ರಿ. ಈಗ ನೀವೇ ಜಾತಿ ನೋಡಿ ರೇಟ್ ಹಾಕ್ತಿದ್ದೀರಲ್ಲ? ನಮ್ಮ ನಾಯಿ ಏನೂ ಮಾಡಲ್ಲ."

ಆ ಮಾತು ಈಗಲೂ ಹೇಳುತ್ತೇವೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಗಳ ಮಾರಾಟ, ಸಂತಾನಕ್ಕೆ ಲೈಸೆನ್ಸ್ ಕೊಡಬೇಡಿ ಅಂತ ರಾಜ್ಯಗಳಿಗೆ ಪತ್ರ ಬರೆದಾಗ ನಾವು ನಿಮ್ಮ ಜೊತೆಯೇ ಇದ್ದೆವು. ಆಗಲೇ ಮನೆಯಲ್ಲಿರುವ ನಾಯಿಗಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಅಂತಲೂ ಅದರಲ್ಲಿತ್ತು. ಪಟ್ಟಿಯಲ್ಲಿ ಒಂದು ಕಡೆ ಬರೀ "ಟೆರಿಯರ್" ಅಂತಷ್ಟೇ ಇತ್ತು. ಅಂದರೆ ತೊಡೆ ಮೇಲೆ ಮಲಗುವ ಪುಟ್ಟ ಯಾರ್ಕ್‌ಷೈರ್ ಟೆರಿಯರ್ ಕೂಡ ಬಂತು ಅನ್ನಿ. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಹಾಗೆಲ್ಲ ಮಾಡುವಂತಿಲ್ಲ ಅಂದಿತು. ಅವತ್ತು ನಮ್ಮಲ್ಲಿ ಹಬ್ಬದ ಊಟ. ಆದರೆ ಕೋರ್ಟು ಸುತ್ತೋಲೆ ರದ್ದು ಮಾಡಿತೇ ಹೊರತು, ಈ ನಾಯಿಗಳೆಲ್ಲ ಬೊಂಬೆಗಳು ಅಂತ ಸರ್ಟಿಫಿಕೇಟ್ ಕೊಡಲಿಲ್ಲ. ಎಲ್ಲರನ್ನೂ ಕೇಳಿ ಸರ್ಕಾರ ಮತ್ತೆ ನಿಯಮ ತರಬಹುದು ಅಂತಲೂ ಹೇಳಿತು. ಬ್ರಿಟನ್ 1991ರಲ್ಲೇ ಪಿಟ್ ಬುಲ್ ನಿಷೇಧಿಸಿತು. ಅಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗ, 2024ರ ಫೆಬ್ರವರಿ 1ರಿಂದ, ವಿನಾಯಿತಿ ಪತ್ರ ಇಲ್ಲದೆ ಎಕ್ಸ್‌ಎಲ್ ಬುಲ್ಲಿ (ದೊಡ್ಡ ಗಾತ್ರದ ಅಮೆರಿಕನ್ ಬುಲ್ಲಿ) ಇಟ್ಟುಕೊಳ್ಳುವುದೂ ಅಪರಾಧ. ಬೇಜವಾಬ್ದಾರಿಯಿಂದ ಸಾಕಿದವರ ಪಾಪ ಅಲ್ಲಿ ನೆಟ್ಟಗೆ ಸಾಕಿದವರಿಗೂ ತಟ್ಟಿತು. ಇಲ್ಲಿ ಹಾಗಾಗಬಾರದು ಅಂತಲೇ ನಮ್ಮ ಒದ್ದಾಟ.

ನಾಯಿಯದ್ದು ತಪ್ಪಿಲ್ಲ ಅಂದರೆ ನಾಯಿಗೆ ಹುಟ್ಟುಗುಣವೇ ಇಲ್ಲ ಅಂತ ಅರ್ಥ ಅಲ್ಲ. ಶೆಪರ್ಡ್ ಕುರಿ ಕಾಯುತ್ತದೆ, ಮುಧೋಳ ಓಡುತ್ತದೆ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಪಿಟ್ ಹಿಡಿದರೆ ಬಿಡುವುದಿಲ್ಲ ಅಂದರೆ ಮಾತ್ರ ಕೋಪ. ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟಕ್ಕೆ ಬೆಳೆಸಿದ ವಂಶ ಇದು. 1835ರಲ್ಲಿ ಆ ಆಟ ನಿಷೇಧ ಆಯಿತು. ಜನ ಬಿಡಬೇಕಲ್ಲ? ಬುಲ್‌ಡಾಗ್‌ಗೆ ಟೆರಿಯರ್ ಬೆರೆಸಿ, ಕದ್ದುಮುಚ್ಚಿ ನಾಯಿ ನಾಯಿಗಳನ್ನೇ ಕಾಳಗಕ್ಕೆ ಬಿಟ್ಟರು. ಹಿಡಿದದ್ದು ಬಿಡಬಾರದು, ನೋವಿಗೆ ಹಿಂದೆ ಸರಿಯಬಾರದು, ಇನ್ನೊಂದು ನಾಯಿ ಕಂಡರೆ ರೇಗಬೇಕು. ಇಷ್ಟನ್ನು ಆರಿಸಿ ಆರಿಸಿ ಬೆಳೆಸಿದರು. ದವಡೆ ಲಾಕ್ ಆಗುತ್ತದೆ ಅನ್ನುವುದು ಸುಳ್ಳು, ಅಂಥ ಲಾಕ್ ಯಾವ ನಾಯಿಯ ಬಾಯಲ್ಲೂ ಇಲ್ಲ. ಅವನು ಬಿಡುವುದಿಲ್ಲ ಅನ್ನುವುದು ಮಾತ್ರ ನಿಜ.

ಹಾಗಂತ ಮನುಷ್ಯರನ್ನು ಕಂಡರೆ ಆಗದ ನಾಯಿಯಲ್ಲ ಇದು. ನೆಟ್ಟಗೆ ಬೆಳೆದ ಬುಲ್ಲಿಯಷ್ಟು ಮನೆಯವರನ್ನು ಅಂಟಿಕೊಂಡಿರುವ ನಾಯಿ ಇನ್ನೊಂದಿಲ್ಲ. ನಮ್ಮ ಬುಲ್ಲಿ ಲಚ್ಚಿಯ ವಿಷಯ ನಿಮಗೆ ಹೇಳುವುದೇನಿದೆ, ನಿಮ್ಮಲ್ಲಿ ಅರ್ಧ ಜನ ಅವಳನ್ನು ನೋಡಲಿಕ್ಕೇ ಬರುತ್ತೀರಿ. (ಬಿಸ್ಕತ್ ಮಾತ್ರ ತರಬೇಡಿ. ಅವಳಿಗೆ ಚರ್ಮದ ಅಲರ್ಜಿ ಇದೆ, ಡಾಕ್ಟರ್ ಬೈಯುವುದು ನಮಗೆ.) ಅದೇ ಲಚ್ಚಿ ಎರಡು ವರ್ಷ ತುಂಬುವ ಹೊತ್ತಿಗೆ ಬೇರೆ ಹೆಣ್ಣು ನಾಯಿಗಳ ಜೊತೆ ಇರುವುದನ್ನು ಬಿಟ್ಟಳು. ಈ ಬ್ರೀಡ್‌ನಲ್ಲಿ ಇದು ಮಾಮೂಲಿ. ಮರಿಯಿದ್ದಾಗ ಎಲ್ಲರ ಜೊತೆ ಆಡುತ್ತಿದ್ದದ್ದು ಪ್ರಾಯಕ್ಕೆ ಬಂದಾಗ ಬದಲಾಗುತ್ತದೆ. "ನಮ್ಮ ನಾಯಿ ಏನೂ ಮಾಡಲ್ಲ" ಅನ್ನುವವರಲ್ಲಿ ಬಹಳ ಜನ ಹತ್ತು ತಿಂಗಳ ಮರಿ ಇಟ್ಟುಕೊಂಡು ಮಾತಾಡುತ್ತಿರುತ್ತಾರೆ.

ದರದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಯಾವ ನಾಯಿ ಬೇಕಾದರೂ ಕಚ್ಚಬಹುದು. ಬೀಗಲ್ ತಪ್ಪು ಮಾಡಿದರೆ ಬ್ಯಾಂಡೇಜ್‌ನಲ್ಲಿ ಮುಗಿಯಬಹುದು. ಪಿಟ್, ಬುಲ್ಲಿ ತಪ್ಪು ಮಾಡಿದರೆ ಆಪರೇಷನ್ ತನಕ ಹೋಗಬಹುದು. 2022ರ ಜುಲೈನಲ್ಲಿ ಲಖನೌದಲ್ಲಿ ಮನೆಯ ಪಿಟ್ ಬುಲ್ ಕಡಿತಕ್ಕೆ 82 ವರ್ಷದ ಅಜ್ಜಿ ತೀರಿಕೊಂಡರು, ನೆನಪಿರಬೇಕಲ್ವಾ. ನಾವು ನಿಮ್ಮ ನಾಯಿಯ ಗುಣಕ್ಕೆ ದುಡ್ಡು ಕೇಳುತ್ತಿಲ್ಲ. ಒಂದು ತಪ್ಪಿಗೂ ಜಾಗ ಇಲ್ಲದ ಹಾಗೆ ನೋಡಿಕೊಳ್ಳುವ ಖರ್ಚಿಗೆ ಕೇಳುತ್ತಿದ್ದೇವೆ. ನಿಮ್ಮ ನಾಯಿ ಇಲ್ಲಿರುವಾಗ ಏನಾದರೂ ಆದರೆ ಪೇಪರಿನಲ್ಲಿ ಬರುವುದು ನಮ್ಮ ಹೆಸರಲ್ಲ, ಅದರ ಬ್ರೀಡ್ ಹೆಸರು.

ಮರಿಗಳ ವಿಷಯ. ಮರಿ ಕೇಳಿ ಬರುವವರನ್ನು ನೋಡಿದರೆ ಗೊತ್ತಾಗುತ್ತದೆ. ಮೊದಲ ಪ್ರಶ್ನೆ "ಕಿವಿ ಕಟ್ ಮಾಡಿಸಿ ಕೊಡ್ತೀರಾ?", ಎರಡನೆಯದು "ಸೈಟ್ ಕಾಯಲಿಕ್ಕೆ ಆಗತ್ತಾ?" ಅಂತಾದರೆ ನಮ್ಮ ಕಡೆಯಿಂದ ನಮಸ್ಕಾರ. ಕಿವಿ ಕತ್ತರಿಸುವುದಿಲ್ಲ, ಕತ್ತರಿಸುವವರ ನಂಬರೂ ಕೊಡುವುದಿಲ್ಲ. ಖಾಲಿ ಸೈಟಿನಲ್ಲಿ ಚೈನ್ ಹಾಕಿ ಕಟ್ಟಿದ ಬುಲ್ಲಿ ಕಾವಲುಗಾರ ಆಗುವುದಿಲ್ಲ. ಹುಚ್ಚು ಹಿಡಿದವನ ಹಾಗೆ ಆಗುತ್ತಾನೆ. ಕಾವಲಿಗೇ ನಾಯಿ ಬೇಕಿದ್ದರೆ ಬೀದಿ ಮರಿಯೊಂದನ್ನು ಮನೆಯೊಳಗೆ ತಂದು ಸಾಕಿ. ನಮಗೆ ವ್ಯಾಪಾರ ಆಗದಿದ್ದರೂ ಪರವಾಗಿಲ್ಲ.

ಮನೆಯ ನಾಯಿಯಾಗಿಯೇ ಬೇಕು ಅನ್ನುವವರಿಗೆ ನಾವು ತೋರಿಸುವುದು ಮೊದಲು ಮರಿಯನ್ನಲ್ಲ, ತಾಯಿಯನ್ನು. ಗೊತ್ತಿಲ್ಲದ ನೀವು ಗೇಟಿನೊಳಗೆ ಬಂದಾಗ ಅದು ಹೇಗಿರುತ್ತದೆ ನೋಡಿ. ಬಾಲ ಸಡಿಲವಾಗಿ, ಮೈ ಅಲ್ಲಾಡಿಸುತ್ತಾ ಬಂದರೆ ಸರಿ. ಮೂಲೆ ಸೇರಿ ಗುರ್ ಅನ್ನುವ ತಾಯಿಯ ಮರಿ ಎಲ್ಲೇ ಇರಲಿ, ಎಷ್ಟೇ ಕಡಿಮೆಗೆ ಸಿಗಲಿ, ತರಬೇಡಿ. ತಾಯಿಯನ್ನು ತೋರಿಸದವರ ಹತ್ತಿರ ಮರಿಯನ್ನೇ ಕೇಳಬೇಡಿ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವ ಹಾಗಿಲ್ಲ, 18 ತಿಂಗಳು ತುಂಬದ ಹೆಣ್ಣಿಗೆ ಮರಿ ಮಾಡಿಸುವ ಹಾಗಿಲ್ಲ. "ಐದನೇ ವಾರಕ್ಕೇ ಕೊಡಿ, ನಮಗೆ ಹೊಂದಿಕೊಳ್ಳಲಿ" ಅಂತ ಎಷ್ಟು ಕೇಳಿದರೂ ಆಗದು. ತಾಯಿ, ಅಣ್ಣತಮ್ಮಂದಿರ ಜೊತೆ ಕಚ್ಚಾಡಿಯೇ ಮರಿ ಎಷ್ಟು ಗಟ್ಟಿ ಕಚ್ಚಬಾರದು ಅಂತ ಕಲಿಯುವುದು.

ಮನೆಗೆ ಹೋದ ಮೇಲೆ ಮೊದಲ ತಿಂಗಳುಗಳು ಮುಖ್ಯ. ಲಸಿಕೆ ಮುಗಿಯುವವರೆಗೆ ನೆಲಕ್ಕೆ ಬಿಡಬೇಡಿ, ಆದರೆ ಎತ್ತಿಕೊಂಡು ಹೊರಗೆ ಹೋಗಿ. ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ, ಶಾಲೆ ಬಿಟ್ಟ ಮಕ್ಕಳು, ಎಲ್ಲ ನೋಡಲಿ. ಮುಳ್ಳಿನ ಕಾಲರ್ ಬೇಡ, ಅಗಲ ಪಟ್ಟಿ ಸಾಕು. ಬೀದಿಯಲ್ಲಿ ಲೀಶ್ (ನಾಯಿ ಹಿಡಿಯುವ ಹಗ್ಗ) ಯಾವತ್ತೂ ದೊಡ್ಡವರ ಕೈಯಲ್ಲಿ, ನಾಯಿ ಎಳೆದರೆ ತಡೆಯುವ ಶಕ್ತಿ ಇರುವವರ ಕೈಯಲ್ಲಿ.

ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ. ನಾಯಿ ಊಟ ಮಾಡುತ್ತಿದೆ, ಮಗು ಬಟ್ಟಲಿನ ಹತ್ತಿರ ಬಂತು ಅಂದುಕೊಳ್ಳಿ. ಮೊದಲು ನಾಯಿ ಅಗಿಯುವುದನ್ನು ನಿಲ್ಲಿಸುತ್ತದೆ. ತಲೆ ಎತ್ತುವುದಿಲ್ಲ, ಮೈ ಬಿಗಿ ಆಗುತ್ತದೆ. ಕಣ್ಣು ಮಾತ್ರ ಪಕ್ಕಕ್ಕೆ ತಿರುಗಿ ಬಿಳಿ ಕಾಣುತ್ತದೆ. ಗುರ್ ಅನ್ನುವುದು ಇದೆಲ್ಲ ಆದ ಮೇಲೆ. ಗುರ್ ಅಂದದ್ದಕ್ಕೆ ಹೊಡೆದರೆ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ. ಮುಂದಿನ ಸಲ ಹೇಳದೆ ಕಚ್ಚುತ್ತದೆ. ಅದಕ್ಕೇ ಊಟ ಬೇರೆ ರೂಮಿನಲ್ಲಿ, ಬಾಗಿಲು ಹಾಕಿ. ಐದೇ ನಿಮಿಷ ಆದರೂ ಚಿಕ್ಕ ಮಗುವನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬಾರದು. ಇದು ಬುಲ್ಲಿಗೆ ಮಾತ್ರ ಅಲ್ಲ, ನಮ್ಮ ಲ್ಯಾಬ್ ಗ್ರಾಹಕರಿಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಮಜಲ್ (ಕಚ್ಚದ ಹಾಗೆ ನಾಯಿಯ ಬಾಯಿಗೆ ಹಾಕುವ ಕುಕ್ಕೆ) ಹಾಕಿ ಅಂದರೆ ಕೆಲವರಿಗೆ ಅವಮಾನ. ಬುಟ್ಟಿಯ ಹಾಗಿರುವ ಮಜಲ್ ತಗೊಳ್ಳಿ. ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯದ್ದು ಬಿಸಿಲಲ್ಲಿ ಅಪಾಯ. ಹೊಸದಾಗಿ ಬೋರ್ಡಿಂಗ್‌ಗೆ ಬರುವ ಬುಲ್ ಬ್ರೀಡ್‌ಗಳಿಗೆ ಮಜಲ್ ಅಭ್ಯಾಸ ಇರಲೇಬೇಕು, ಇದು ನವೆಂಬರ್ 1ರಿಂದ ನಿಯಮ. ಕಾನೂನಿನ ಮಾತೂ ಇದೆ. ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ನಮ್ಮಿಂದ ಮರಿ ತಗೊಂಡು ಹೋದವರು ಹೆದರಬೇಕಾಗಿಲ್ಲ. ನಿಮ್ಮ ನಾಯಿ ನಮ್ಮ ನಾಯಿಯೇ. ಕೆಲಸ ಬದಲಾಯಿತು, ಬಾಡಿಗೆ ಮನೆಯವರು ಒಪ್ಪಲಿಲ್ಲ, ಮನೆಯಲ್ಲಿ ಮಗು ಹುಟ್ಟಿ ಕಷ್ಟ ಆಯಿತು ಅಂದರೆ ಯಾವ ವಯಸ್ಸಿನಲ್ಲಿ ಬೇಕಾದರೂ ವಾಪಸ್ ತಗೊಳ್ಳುತ್ತೇವೆ. ಯಾಕೆ ಅಂತ ದಬಾಯಿಸುವುದಿಲ್ಲ. ಓಎಲ್ಎಕ್ಸ್‌ನಲ್ಲಿ ಹಾಕಬೇಡಿ, ರಸ್ತೆಯಲ್ಲಿ ಬಿಡಬೇಡಿ, ರಾತ್ರಿ ಹನ್ನೊಂದಾದರೂ ಸರಿ, ಫೋನ್ ಮಾಡಿ.

ಮರಿಗೆ ಅಡ್ವಾನ್ಸ್ ಕೊಟ್ಟು ಕಾಯುತ್ತಿರುವವರಿಗೆ ಎರಡು ದಾರಿ ಇದೆ. ಹೊಸ ರೀತಿಗೆ ಒಪ್ಪಿದರೆ ನಿಮ್ಮ ಸರದಿ ಹಾಗೇ ಇರುತ್ತದೆ. ಒಪ್ಪದಿದ್ದರೆ ಪೂರ್ತಿ ದುಡ್ಡು ವಾಪಸ್, ಅಕ್ಟೋಬರ್ 31ರೊಳಗೆ ಹೇಳಿ. ಮಜಲ್ ಅಳತೆ ಮತ್ತು ಅಭ್ಯಾಸ ಭಾನುವಾರ ಬೆಳಿಗ್ಗೆ 7ರಿಂದ 9, ಹಳೇ ಗ್ರಾಹಕರಿಗೆ ದುಡ್ಡಿಲ್ಲ. ಬರುವ ಮೊದಲು ಒಂದು ಮೆಸೇಜ್ ಹಾಕಿ, ಎರಡು ಬುಲ್ಲಿಗಳು ಗೇಟಿನಲ್ಲಿ ಎದುರಾಗುವುದು ಬೇಡ.

ಇಂತಿ,
ನಿಮ್ಮ ಕೆನಲ್‌ನವರು, ಮೈಸೂರು