ಆನ್‌ಲೈನ್ ಅರ್ಜಿ ಜನ ತಾವೇ ತುಂಬೋ ಹಾಗಿರಲಿ

ಮಾನ್ಯ ಸಂಪಾದಕರೇ,

ಎಲ್ಲಾ ಸೇವೆನೂ ಮನೆಯಿಂದಲೇ ಮೊಬೈಲಲ್ಲಿ ಆಗತ್ತೆ ಅಂತ ಜಾಹೀರಾತು ನೋಡ್ತಾನೇ ಇರ್ತೀವಿ, ಹಾಗಿದ್ರೆ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿಗಳ ಮುಂದೆ ಬೆಳಗ್ಗೆಯಿಂದ ಜನ ಯಾಕೆ ನಿಂತಿರ್ತಾರೆ ಅಂತ ಯಾರಾದ್ರೂ ಕೇಳ್ಬೇಕಲ್ವಾ. ನಾನು ಶ್ರೀನಗರದಲ್ಲಿ ಅಂಥ ಅಂಗಡಿ ನಡೆಸ್ತೀನಿ. ಬರೋರು ಓದು ಬರಹ ಬಾರದವರಲ್ಲ. ರಿಟೈರ್ಡ್ ಮೇಷ್ಟ್ರು ಬರ್ತಾರೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಳು ಬರ್ತಾರೆ, ಕೈಲಿ ಒಳ್ಳೆ ಸ್ಮಾರ್ಟ್‌ಫೋನೇ ಇರತ್ತೆ, ಮನೇಲಿ ಕೂತು ಅರ್ಜಿ ತುಂಬ್ತಾ ತುಂಬ್ತಾ ಎಲ್ಲೋ ಸಿಕ್ಕಿಹಾಕ್ಕೊಂಡು ಬಂದಿರ್ತಾರೆ.

ಹೆಸರಲ್ಲೇ ಶುರುವಾಗತ್ತೆ. ನಮ್ಮ ಕಡೆ ಎಷ್ಟೋ ಜನಕ್ಕೆ ಇನಿಷಿಯಲ್ ಇರತ್ತೆ, ಸರ್‌ನೇಮ್ ಇರಲ್ಲ, ಆದ್ರೆ ಫಾರ್ಮು ಲಾಸ್ಟ್ ನೇಮ್ ಹಾಕದೆ ಮುಂದಕ್ಕೇ ಬಿಡಲ್ಲ. ಆಧಾರಲ್ಲಿ ಕೆ. ಮಂಜುನಾಥ ಅಂತಿದೆ ಅಂದ್ಕೊಳ್ಳಿ, ಪ್ಯಾನ್ ಅರ್ಜೀಲಿ ಇನಿಷಿಯಲ್ ಬಿಡಿಸಿ ಬರೀಬೇಕು, ಅಲ್ಲಿ ಅಪ್ಪನ ಹೆಸರೋ ಊರ ಹೆಸರೋ ಸೇರ್ಕೊಳತ್ತೆ, ಆಮೇಲೆ ಎರಡೂ ಮ್ಯಾಚ್ ಆಗ್ತಿಲ್ಲ ಅಂತ ವಾಪಸ್ ಕಳಿಸ್ತಾರೆ. ಬೆಂಗಳೂರಲ್ಲೇ ಕೂತು ಮಾಡಿರೋ ಆ್ಯಪಲ್ಲೂ ಹೀಗೇ ಇದ್ರೆ ನಿಜವಾಗ್ಲೂ ಬೇಜಾರಾಗತ್ತೆ. ಹೆಸರಿಗೆ ಒಂದೇ ಉದ್ದನೆ ಬಾಕ್ಸ್ ಕೊಡೋಕೆ ಏನು ಕಷ್ಟ?

ಫೋಟೊ 50 ಕೆಬಿ ಒಳಗಿರಬೇಕು ಅಂತಾರೆ, ಈಗಿನ ಫೋನಲ್ಲಿ ತೆಗೆದ್ರೆ ಎರಡು ಮೂರು ಎಂಬಿ ಬರತ್ತೆ. ಅದನ್ನ ಸೈಟೇ ಚಿಕ್ಕದು ಮಾಡ್ಕೋಬಹುದು. ಜನ ಅದೊಂದಕ್ಕೇ ನನ್ನ ಹತ್ರ ಬಂದು ದುಡ್ಡು ಕೊಟ್ಟು ಹೋಗ್ತಾರೆ, ನನಗೆ ವ್ಯಾಪಾರ ಆಗತ್ತೆ ನಿಜ, ಆದ್ರೂ ಹೇಳ್ತೀನಿ, ಅದು ಅವರು ಖರ್ಚು ಮಾಡಬೇಕಾದ ದುಡ್ಡಲ್ಲ.

ಎಲ್ಲಕ್ಕಿಂತ ಸಂಕಟ ಓಟಿಪಿದು. ಪಿಂಚಣಿ ಅರ್ಜಿಗೆ ಬಂದ ಅಮ್ಮನ ಆಧಾರಿಗೆ ಲಿಂಕ್ ಆಗಿರೋದು ಮಗನ ನಂಬರ್, ಮಗ ಪೀಣ್ಯದಲ್ಲಿ ಶಿಫ್ಟಲ್ಲಿರ್ತಾನೆ, ಮಿಷನ್ ಮುಂದೆ ಫೋನ್ ತೆಗೆಯಂಗಿಲ್ಲ, ಟೀ ಟೈಮಲ್ಲಿ ಅವನು ನಂಬರ್ ಹೇಳೋ ಹೊತ್ತಿಗೆ ಸೆಷನ್ ಮುಗಿದು ತುಂಬಿದ್ದೆಲ್ಲ ಅಳಿಸಿಹೋಗಿರತ್ತೆ, ಮತ್ತೆ ಹೆಸರಿಂದ ಶುರು. ಆಯಮ್ಮ ಅವತ್ತಿನ ಮನೆಗೆಲಸ ಬಿಟ್ಟು ಬಂದಿರ್ತಾರೆ. ಓಟಿಪಿ ಬೇಡ ಅಂತಿಲ್ಲ, ಸುರಕ್ಷತೆಗೆ ಬೇಕು. ತುಂಬಿದ್ದನ್ನ ಉಳಿಸಿಟ್ಟು, ಸಂಜೆ ಮಗ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸೋ ಹಾಗೆ ಮಾಡಿ ಅಂತಷ್ಟೇ ಕೇಳ್ತಿರೋದು. ಇನ್ನೊಂದು ಮಾತು, ಮೊದಲ ಪೇಜು ಕನ್ನಡದಲ್ಲಿರತ್ತೆ, ಏನಾದ್ರೂ ತಪ್ಪಾದಾಗ ಬರೋ ಕೆಂಪಕ್ಷರ ಮಾತ್ರ ಇಂಗ್ಲಿಷಲ್ಲಿ. ಕನ್ನಡ ಬೇಕಾಗೋದೇ ಆಗ.

ಒಳ್ಳೆದು ಮಾಡೋಕೆ ಬರಲ್ಲ ಅಂತೇನಿಲ್ಲ. ಯುಪಿಐ ಬಂದಿದ್ದು 2016ರಲ್ಲಿ, ಈಗ ನಮ್ಮ ಬೀದಿ ಸೊಪ್ಪಿನ ಗಾಡಿ ಅಜ್ಜಿ ಕೈ ಒದ್ದೆ ಇದ್ರೂ ಫೋನ್ ಮುಟ್ಟೋದೇ ಬೇಕಿಲ್ಲ, ಸ್ಪೀಕರ್ ಡಬ್ಬನೇ ದುಡ್ಡು ಬಂತು ಅಂತ ಕನ್ನಡದಲ್ಲಿ ಕೂಗತ್ತೆ. ನಮ್ಮ ಮೆಟ್ರೋ 2022ರ ನವೆಂಬರ್ 1ರಂದು ವಾಟ್ಸ್‌ಆ್ಯಪಲ್ಲೇ ಟಿಕೆಟ್ ಕೊಡೋಕೆ ಶುರು ಮಾಡ್ತು, ಹೊಸ ಆ್ಯಪ್ ಇಳಿಸ್ಕೊಳ್ಳೋ ತಲೆನೋವೇ ಇಲ್ಲ. ಜನ ಹೇಗೆ ಬದುಕ್ತಾರೆ ಅಂತ ನೋಡಿ ಮಾಡಿರೋದು ಇವು.

ಇದು ಬರೀ ಅನುಕೂಲದ ಮಾತೂ ಅಲ್ಲ. ಕೆವೈಸಿಗೆ, ಅಂದ್ರೆ ಬ್ಯಾಂಕು, ಸಿಮ್ಮಿನವರು ನಮ್ಮ ಗುರುತು ಖಾತ್ರಿ ಮಾಡ್ಕೊಳ್ಳೋದಕ್ಕೆ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದ್ರೆ ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಏನ್ ಮಾಡ್ಬೇಕು ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ.

ನನ್ನ ತಂಗಿ ಮಗಳು ಆ್ಯಪ್ ಡಿಸೈನ್ ಕೆಲಸದಲ್ಲೇ ಇದ್ದಾಳೆ. ಅವಳು ಹೇಳಿದ್ದು, ಆ್ಯಪನ್ನ ಐದು ಜನರ ಕೈಲಿ ಕೊಟ್ಟು ಸುಮ್ನೆ ನೋಡಿದ್ರೆ ಬಹುಪಾಲು ತೊಂದರೆ ಕಣ್ಣಿಗೆ ಬೀಳತ್ತೆ ಅಂತ ವೆಬ್‌ಸೈಟ್ ಬಳಸೋಕೆ ಸುಲಭ ಇದ್ಯಾ ಅಂತ ಪರೀಕ್ಷೆ ಮಾಡೋದ್ರಲ್ಲಿ ಹೆಸರಾದ ಜೇಕಬ್ ನೀಲ್ಸನ್ ಅನ್ನೋರು 2000ದಲ್ಲೇ ಬರೆದಿದ್ದಾರಂತೆ. ಅಷ್ಟೇ ಮಾಡಿ. ಸರ್ಕಾರದ ಟೆಂಡರಲ್ಲೇ ಷರತ್ತು ಹಾಕಿ, ವಯಸ್ಸಾದವರು, ಕನ್ನಡ ಮಾತ್ರ ಬರೋರು, ದೃಷ್ಟಿ ಇಲ್ಲದವರು ಸೇರಿ ಐದು ಜನ ಯಾರ ಸಹಾಯನೂ ಇಲ್ಲದೆ ಅರ್ಜಿ ತುಂಬಿ ಸಬ್‌ಮಿಟ್ ಮಾಡಿ ತೋರಿಸಿದ ಮೇಲೆನೇ ಕಂಪನಿ ಬಿಲ್ ಪಾಸ್ ಆಗಲಿ.

- ಒಬ್ಬ ಓದುಗ, ಶ್ರೀನಗರ, ಬೆಂಗಳೂರು