ಮಗಳ ಕೆಳಗೆ ತಾಯಿ

ಬೆಂಗಳೂರಿನ ಕ್ಯಾಥೊಲಿಕ್ ಚರ್ಚು ಅಂದರೆ ಪರದೇಶದಲ್ಲಿರುವ ನಮ್ಮ ಸಂಘದಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ. ಸೆಪ್ಟೆಂಬರ್ 8ರ ಹಬ್ಬಕ್ಕೆ ಸೀರೆ ಉಟ್ಟ ಮಾತೆಯ ತೇರು ಹೊರಟರೆ ಯಾವ ಜಾತಿ, ಯಾವ ಧರ್ಮ ಅಂತ ಯಾರೂ ನೋಡೋದಿಲ್ಲ, ಎಲ್ಲರೂ ನುಗ್ಗುತ್ತಾರೆ. ಆದರೆ ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್ಪರ) ಪೀಠ ಇರುವುದು ಅಲ್ಲಲ್ಲ, ಸಂತ ಫ್ರಾನ್ಸಿಸ್ ಕ್ಸೇವಿಯರ್ ಪ್ರಧಾನಾಲಯದಲ್ಲಿ.

ಈ ಪೀಠದ ಚರಿತ್ರೆ ಸ್ವಲ್ಪ ತಮಾಷೆಯಾಗಿದೆ. 1886ರಲ್ಲಿ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆಗಿದ್ದು ಮೈಸೂರು ಹೆಸರಲ್ಲಿ, ಬಿಷಪ್ಪರು ಇದ್ದದ್ದು ಮಾತ್ರ ಬೆಂಗಳೂರಲ್ಲಿ! ಆಗ ಅಲ್ಲಿ ಕೆಲಸ ಮಾಡುತ್ತಿದ್ದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು. 1940ರಲ್ಲಿ ಬೆಂಗಳೂರು ಬೇರೆಯಾಯಿತು. ಮೈಸೂರಿನ ಬಿಷಪ್ ಆಗಿದ್ದ ಮೋರಿಸ್ ದೆಪಾತ್ಯೂರ್ ಅವರೇ ಬೆಂಗಳೂರಿನ ಮೊದಲ ಬಿಷಪ್ ಆದರು, ಮೈಸೂರಿಗೆ ಹೊಸಬರು ಬಂದರು. 1942ರಲ್ಲಿ ಗುಂಟೂರಿನಿಂದ ಥಾಮಸ್ ಪೋತಕಮೂರಿ ಬಂದರು, 1953ರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರವಾದಾಗ ಮೊದಲ ಮಹಾಧರ್ಮಾಧ್ಯಕ್ಷರೂ ಅವರೇ. ಹೀಗೆ ತಾಯಿಯಾದ ಮೈಸೂರು, ಬೆಂಗಳೂರಿಗಿಂತ ಎಷ್ಟೋ ಹಳೆಯದಾದ ಮಂಗಳೂರು, ಎರಡೂ ಇವತ್ತು ಬೆಂಗಳೂರಿನ ಪ್ರಾಂತ್ಯದೊಳಗಿವೆ, ಅಂದರೆ ಅದರ ಸುತ್ತ ಸೇರಿಸಿದ ಧರ್ಮಕ್ಷೇತ್ರಗಳ ಗುಂಪಿನೊಳಗಿವೆ. ಬಳ್ಳಾರಿ, ಬೆಳಗಾವಿ, ಕಾರವಾರ, ಚಿಕ್ಕಮಗಳೂರು, ಶಿವಮೊಗ್ಗ, ಕಲಬುರಗಿ, ಉಡುಪಿ ಕೂಡ.

ಹಾಗಂತ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ಮಿಕ್ಕ ಬಿಷಪ್ಪರ ಮೇಲಧಿಕಾರಿ ಅಂದುಕೊಳ್ಳಬೇಡಿ. ಮಂಗಳೂರಿನ ಗುರುಗಳನ್ನು ವರ್ಗ ಮಾಡುವ ಅಧಿಕಾರ ಅವರಿಗಿಲ್ಲ, ಅಲ್ಲಿನ ದುಡ್ಡುಕಾಸಿನ ಲೆಕ್ಕವೂ ಅವರದ್ದಲ್ಲ. ಅಲ್ಲಿ ಏನಾದರೂ ಎಡವಟ್ಟಾಗಿ ನಂಬಿಕೆಗೋ ಶಿಸ್ತಿಗೋ ಧಕ್ಕೆ ಬಂದರೆ ಪೋಪರಿಗೆ ತಿಳಿಸಬಹುದು, ಅಷ್ಟೇ ಅನ್ನಬೇಕು. ಹೆಗಲ ಮೇಲೆ ಹಾಕಿಕೊಳ್ಳುವ, ಕಪ್ಪು ಶಿಲುಬೆಗಳಿರುವ ಬಿಳಿ ಉಣ್ಣೆಯ ಪಟ್ಟಿ ಅವರ ಸ್ಥಾನದ ಗುರುತು, ಅದನ್ನೂ ತಮ್ಮ ಪ್ರಾಂತ್ಯದೊಳಗಿನ ಚರ್ಚುಗಳಲ್ಲಿ ಮಾತ್ರ ಧರಿಸಬೇಕು. 75 ತುಂಬಿದರೆ ಎಲ್ಲ ಬಿಷಪ್ಪರಂತೆ ಅವರೂ ಪೋಪರಿಗೆ ರಾಜೀನಾಮೆ ಕೊಡಬೇಕು.

ನನ್ನನ್ನು ಕೇಳಿದರೆ ಈ ವ್ಯವಸ್ಥೆಯಲ್ಲಿ ಗಟ್ಟಿಯಾಗಿರೋದು ಮೇಲಿನ ಪೀಠಕ್ಕಿಂತ ಕೆಳಗಿನ ಧರ್ಮಕೇಂದ್ರ, ಅಂದರೆ ಆಯಾ ಊರು-ಬಡಾವಣೆಯ ಚರ್ಚು, ಅದರಲ್ಲೂ ಅಲ್ಲಿನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ರಿಜಿಸ್ಟರು. ನಿಮಗೆ ಎಲ್ಲಿ ದೀಕ್ಷಾಸ್ನಾನ ಆಯಿತೋ ಅದೇ ಪುಸ್ತಕದಲ್ಲಿ, ನಿಮ್ಮ ಹೆಸರಿನ ಪಕ್ಕದಲ್ಲೇ, ದೃಢೀಕರಣ (ಕನ್‌ಫರ್ಮೇಶನ್) ಸಂಸ್ಕಾರವನ್ನೂ ಮದುವೆಯನ್ನೂ ಬರೆದಿಡಬೇಕು, ಮದುವೆ ನಾವಿರುವ ಈ ದೇಶದಲ್ಲೇ ಆಗಿದ್ದರೂ ಸರಿ. ಆದ್ದರಿಂದ ಇಲ್ಲಿ ಮಕ್ಕಳ ಮದುವೆಗೆ ಸರ್ಟಿಫಿಕೇಟು ಬೇಕಾದವರು ಸುಮ್ನೆ ಮಹಾಧರ್ಮಾಧ್ಯಕ್ಷರಿಗೆ ಕಾಗದ ಬರೆಯಬೇಡಿ. ಮಕ್ಕಳಿಗೆ ದೀಕ್ಷಾಸ್ನಾನ ಆದ ಚರ್ಚಿನ ಗುರುಗಳನ್ನೇ ಕೇಳಿ, ಹೊಸದಾಗಿ ತೆಗೆಸಿಕೊಂಡ ಪ್ರತಿಯನ್ನೇ ತರಿಸಿ, ಮನೆಯ ಪೆಟ್ಟಿಗೆಯಲ್ಲಿರುವ ಹಳೇ ಕಾಗದದಲ್ಲಿ ಆಮೇಲೆ ಸೇರಿಸಿದ ವಿವರ ಇರೋದಿಲ್ಲ, ಅಲ್ವಾ?